ಮೂರನೆಯ ಕೈ

ಕಾಂತಪ್ಪ ಹೊಯ್ದ ದೋಸೆ ದೂಜನ ಕೈಗೆ ಬರಬೇಕಾದರೆ ಸೀನನ ಕೈ ದಾಟಿಯೇ ಬರಬೇಕಿತ್ತು. ದೋಸೆಯ ಕಾವಲಿಗೂ ದೂಜ ನಿಲ್ಲುವ ಜಾಗಕ್ಕೂ ನಡುವೆ ಇದ್ದದ್ದು ಒಂದು ಮಾರು. ಒಬ್ಬ ಚಾಚಿದರೆ ಸಾಕು, ಇನ್ನೊಬ್ಬ ನೀಡಿದರೆ ಸಾಕು. ಆದರೆ ಕಾಂತಪ್ಪ ಚಾಚುತ್ತಿರಲಿಲ್ಲ, ದೂಜ ನೀಡುತ್ತಿರಲಿಲ್ಲ. ಸೀನ ಬಂದು ತಟ್ಟೆಯನ್ನು ಎತ್ತಿ ಪಕ್ಕದ ಕಲ್ಲಿನ ಮೇಲೆ ಇಡಬೇಕು. ಕಲ್ಲಿನ ಮೇಲಿಂದ ದೂಜ ಎತ್ತಿಕೊಳ್ಳಬೇಕು. ಗಿರಾಕಿ ಮೇಜು ಗುದ್ದಲಿ, ದೋಸೆ ಆರಿ ತೊಗಲಾಗಲಿ, ಸೀನ ಬರುವ ತನಕ ಅದು ಅಲ್ಲೇ ಬಿದ್ದಿರಬೇಕು.

ಮುಂಬಯಿಯ ಫೋರ್ಟಿನ ಆ ಹೋಟೆಲಿನಲ್ಲಿ ಆರು ವರ್ಷಗಳಿಂದ ಇದು ಹೀಗೆಯೇ ನಡೆದಿತ್ತು. ಮೊದಮೊದಲು ಯಜಮಾನರು ರೇಗಿದರು. ಹನ್ನೆರಡೂವರೆಗೆ ಬ್ಯಾಂಕಿನವರು, ಕೋರ್ಟಿನವರು ಒಟ್ಟಿಗೆ ನುಗ್ಗುವ ಹೊತ್ತಿನಲ್ಲಿ ಇದೆಂಥ ನಾಟಕ ಎಂದು ಕೂಗಾಡಿದರು. ಆಮೇಲೆ ಯಾರೋ ಅವರ ಕಿವಿಯಲ್ಲಿ ‘ಆಣೆ’ ಎಂದರು. ಯಜಮಾನರೂ ಅದೇ ಕರಾವಳಿಯವರೇ, ಮೂಲ್ಕಿಯಿಂದ ಎರಡು ಹರದಾರಿ ಆಚೆಯವರು. ಆ ಒಂದು ಮಾತಿಗೆ ಅವರ ಸಿಟ್ಟು ಇಳಿದುಹೋಯಿತು. ಮರುಮಾತಿಲ್ಲದೆ ಸೀನನನ್ನು ತಂದು ಇಬ್ಬರ ನಡುವೆ ನಿಲ್ಲಿಸಿದರು.

“ಗಂಡಸರು ಮುಂಬಯಿಗೆ ಬಂದು ಎಂತೆಂತ ಆಗ್ತಾರೆ,” ಎಂದು ಸೀನ ಹೇಳುತ್ತಿದ್ದ. ನಲವತ್ತು ದಾಟಿದ, ಕಾರ್ಕಳದ ಕಡೆಯ, ನಗಿಸದೆ ಕೆಲಸ ಮಾಡಲು ಬಾರದ ಮನುಷ್ಯ ಅವನು. “ಡ್ರೈವರ್ ಆಗ್ತಾರೆ, ಮೇನೇಜರ್ ಆಗ್ತಾರೆ. ನಾನು ಮಾತ್ರ ಕಾಲುಸಂಕ ಆದೆ, ತೋಡು ದಾಟುವ ಮರದ ತುಂಡು.”

ಆಣೆಯೆಂದರೆ ಇಷ್ಟು. ಇಪ್ಪತ್ತಮೂರು ವರ್ಷಗಳ ಹಿಂದೆ, ಊರಿನಲ್ಲಿ ದೈವದ ಕೋಲ ಮುಗಿದು ಬೂಳ್ಯ ಕೊಡುವ ಹೊತ್ತಿನಲ್ಲಿ, ಅಂದರೆ ದೈವ ಪ್ರತಿ ಮನೆಯ ಹಿರಿಯನನ್ನು ಕರೆದು ವೀಳ್ಯದೆಲೆ ಅಡಿಕೆ ಕೊಡುವ ಹೊತ್ತಿನಲ್ಲಿ, ದೂಜನ ಮನೆಗಿಂತ ಮೊದಲು ಕಾಂತಪ್ಪನ ಮನೆಯನ್ನು ಕರೆಯಿತು. ದೂಜನ ಸೋದರಮಾವ ಮೋನಪ್ಪ ಅಲ್ಲೇ ಎದ್ದು ನಿಂತ. ಮೊದಲಿನಿಂದಲೂ ಮೊದಲ ಬೂಳ್ಯ ತಮ್ಮದು ಎಂದ. ಕಾಂತಪ್ಪನ ದೊಡ್ಡಮಾವ ಅಲ್ಲವೆಂದ. ಬಾಯಿಗೆ ಬಾಯಿ ಬೆಳೆಯಿತು. ಕೊನೆಗೆ ಮೋನಪ್ಪ ಮಣ್ಣು ಮುಟ್ಟಿ ದೈವದ ಎದುರು ಆಣೆಯಿಟ್ಟ: ಇವತ್ತಿನಿಂದ ಆ ಮನೆಯ ಬೆಂಕಿ ನಮಗೆ ಬೇಡ, ನೀರು ಬೇಡ, ಮಾತು ಬೇಡ, ಮುರಿದವರ ಕುಡಿ ಉಳಿಯದಿರಲಿ. ಆ ಕಡೆಯವರೂ ಅದನ್ನೇ ಹೇಳಿದರು. ಆಗ ದೂಜನಿಗೆ ಮೂರು ವರ್ಷ, ಕಾಂತಪ್ಪನಿಗೆ ಏಳು. ಒಂದು ಎಲೆ, ಒಂದು ಅಡಿಕೆ. ಅಷ್ಟಕ್ಕೆ ಇಬ್ಬರು ಮಕ್ಕಳ ಬಾಯಿಗೆ ಬೀಗ ಬಿತ್ತು.

ಆದರೆ ಒಂದೇ ಅಡಿಗೆಮನೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ನಿಲ್ಲುವವರು ಮಾತಾಡದೆ ಇರುವುದು ಹೇಗೆ? ಅದಕ್ಕೂ ಒಂದು ದಾರಿಯಿತ್ತು. ಅಡಿಗೆಮನೆಯ ನಡುವೆ ಒಂದು ಕಬ್ಬಿಣದ ಕಂಬ. ಇಬ್ಬರೂ ಕಂಬದ ಜೊತೆ ಮಾತಾಡುತ್ತಿದ್ದರು.

“ಕಂಬವೇ,” ಎಂದು ಕಾಂತಪ್ಪ ಕೂಗುತ್ತಿದ್ದ, “ಮೂರನೇ ಮೇಜಿಗೆ ನೀರುಳ್ಳಿ ಬೇಡ ಅಂತ ಈಗ ಹೇಳುದಾ? ದೋಸೆ ಮಗುಚಿದ ಮೇಲೆ? ಯಾವ ಕತ್ತೆ ಆರ್ಡರ್ ತಂದದ್ದು?”

“ಕಂಬವೇ,” ಎಂದು ದೂಜ ಹೇಳುತ್ತಿದ್ದ, “ಎರಡು ಸಲ ಹೇಳಿ ಆಗಿದೆ. ಕಿವಿಯ ಗುಗ್ಗೆ ತೆಗೆಸಿಕೊಳ್ಳಲಿಕ್ಕೆ ಹೇಳು.”

“ಕಂಬ ಎಂತ ಹೇಳ್ತದೆ ಗೊತ್ತುಂಟಾ?” ಎಂದು ಸೀನ ತಟ್ಟೆ ದಾಟಿಸುತ್ತ ಕೇಳುತ್ತಿದ್ದ. “ಇಬ್ಬರನ್ನೂ ನನಗೆ ಕಟ್ಟಿ ಹೊಡೀರಿ ಅಂತ.”

ಇದರಲ್ಲಿ ದೂಜನಿಗೆ ನಂಬಿಕೆಯಿತ್ತೆಂದು ಮಾತ್ರ ಯಾರೂ ಹೇಳುವಂತಿರಲಿಲ್ಲ. ಅವನು ರಾತ್ರಿಶಾಲೆಯಲ್ಲಿ ಮ್ಯಾಟ್ರಿಕ್ ಮುಗಿಸಿದವನು. ಆ ಶಾಲೆಯ ವಾಚನಾಲಯದ ಕಪಾಟಿನಲ್ಲಿ ಯಾರೂ ಮುಟ್ಟದ ಒಂದು ಸಾಲು ಇತ್ತು. ದೂರದೂರದ ದೇಶಗಳ ಕಾದಂಬರಿಗಳು, ಭಾಷೆಯಿಂದ ಭಾಷೆಗೆ ದಾಟಿ, ಕಂದು ಕಾಗದದಲ್ಲಿ ಅಚ್ಚಾಗಿ ಬಂದವು. ಆ ಸಾಲನ್ನು ಅವನು ಇಡಿಯಾಗಿ ನುಂಗಿದ್ದ. ದೇವರಿಲ್ಲ, ದೈವವಿಲ್ಲ, ಮನುಷ್ಯ ತನ್ನನ್ನು ತಾನೇ ಮಾಡಿಕೊಳ್ಳಬೇಕು ಎಂದು ಸೀನನ ಮುಂದೆ ಭಾಷಣ ಬಿಗಿಯುತ್ತಿದ್ದ.

“ಹಾಗಾದ್ರೆ ಓ ಅಲ್ಲಿ ಕಾಂತಪ್ಪ ಇದ್ದಾನೆ,” ಎಂದು ಸೀನ ಒಮ್ಮೆ ಹೇಳಿದ್ದ. “ಹೋಗಿ ಅವನ ಕೈಯಿಂದ ಒಂದು ಲೋಟ ನೀರು ಕುಡಿದು ಬಾ. ನನಗೆ ರಜೆ ಸಿಗ್ತದೆ.”

“ನನಗೇನಿಲ್ಲ ಸೀನಣ್ಣ. ಅವನು ಹೆದರ್ತಾನೆ. ಅವನ ಮನಸ್ಸು ನೋಯಿಸುದು ಯಾಕೆ ಅಂತ ಬಿಟ್ಟಿದ್ದೇನೆ.”

“ಓಹೋ, ದೊಡ್ಡ ಮನಸ್ಸು!” ಎಂದು ಸೀನ ನಕ್ಕಿದ್ದ.

ಆ ದೊಡ್ಡ ಮನಸ್ಸಿನ ಬಣ್ಣ ಬಯಲಾದದ್ದು ಒಂದು ಬುಧವಾರ, ಬೆಳಗಿನ ಹತ್ತೂವರೆಗೆ. ತಿಂಡಿಯ ಗದ್ದಲ ಮುಗಿದು ಊಟದ ಗದ್ದಲ ಶುರುವಾಗದ ಹೊತ್ತು. ಕಾಂತಪ್ಪ ತುಪ್ಪ ಕಾಯಿಸಲು ಸ್ಟೌವಿಗೆ ಪಂಪು ಹೊಡೆಯುತ್ತಿದ್ದ. ದೂಜ ಹಿತ್ತಲಿನ ನಳದಿಂದ ಬಕೆಟ್ಟು ತುಂಬಿಸಿಕೊಂಡು ಒಳಗೆ ಕಾಲಿಟ್ಟಿದ್ದ. ಸ್ಟೌ ಒಮ್ಮೆ ಕೆಮ್ಮಿತು. ಮರುಕ್ಷಣ ಭುಗ್ಗೆಂದು ಬೆಂಕಿ ಎದ್ದು ಕಾಂತಪ್ಪನ ಎರಡೂ ತೋಳುಗಳನ್ನು ಹಿಡಿಯಿತು. ಎಣ್ಣೆ ಕುಡಿದ ಅಂಗಿ, ಬತ್ತಿಯಂತೆ ಹತ್ತಿಕೊಂಡಿತು.

ನಡುವೆ ನಾಲ್ಕು ಹೆಜ್ಜೆ. ಕೈಯಲ್ಲಿ ತುಂಬಿದ ಬಕೆಟ್ಟು.

ದೂಜ ನಿಂತ.

ಕಾಂತಪ್ಪ ಅವನನ್ನು ನೋಡಿದ. ಬಕೆಟ್ಟನ್ನು ನೋಡಿದ, ಬಕೆಟ್ಟು ಹಿಡಿದ ಕೈಯನ್ನು ನೋಡಿದ. ನೋಡಿ, ಉರಿಯುತ್ತಿದ್ದ ಮನುಷ್ಯ, ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಬೆನ್ನು ಒತ್ತಿ ನಿಂತುಬಿಟ್ಟ.

“ಸೀನಣ್ಣಾ!” ಎಂದು ದೂಜ ಕೂಗಿದ. ಮತ್ತೆ ಕೂಗಿದ, “ಸೀನಣ್ಣಾ, ಬಾ, ಬೇಗ ಬಾ!”

ಹೊರಗಿನ ಮೇಜು ಒರೆಸುತ್ತಿದ್ದ ಸೀನ ಓಡಿ ಬಂದ, ದೂಜನ ಕೈಯಿಂದ ಬಕೆಟ್ಟು ಕಿತ್ತುಕೊಂಡ, ಕಾಂತಪ್ಪನ ಮೇಲೆ ಸುರಿದ, ಗೋಣಿಯಿಂದ ಸುತ್ತಿದ. ಎಲ್ಲಾ ಮುಗಿಯಿತು. ಆ ಎರಡು ಕೂಗಿನ ಹೊತ್ತಿನಲ್ಲಿ ಕಾಂತಪ್ಪನ ಕೈಗಳು ಬೆರಳಿನಿಂದ ಮೊಣಕೈಯ ಮೇಲಿನ ತನಕ ಸುಲಿದು ಹೋಗಿದ್ದವು.

“ಗಾಬರಿಯಲ್ಲಿ ಹಾಗೇ ಆಗ್ತದೆ ಮಾರಾಯ,” ಎಂದು ಯಜಮಾನರು ದೂಜನ ಬೆನ್ನು ತಟ್ಟಿದರು. “ಕೈಕಾಲೇ ಓಡುದಿಲ್ಲ. ನೀನು ಕೂಗಿದ್ದು ಒಳ್ಳೇದಾಯ್ತು.”

ದೂಜನಿಗೆ ಅವರ ಕೈಯನ್ನು ಕಚ್ಚಬೇಕೆನ್ನಿಸಿತು. ಗಾಬರಿಯೇ? ಅವನಿಗೆ ಗಾಬರಿಯಾಗಿರಲಿಲ್ಲ. ಆ ಹೊತ್ತಿನಲ್ಲಿ ಅವನ ತಲೆಯಲ್ಲಿ ದೈವವೂ ಇರಲಿಲ್ಲ, ಆಣೆಯೂ ಇರಲಿಲ್ಲ, ಭಯವೂ ಇರಲಿಲ್ಲ. ಕೈ ಏಳಲಿಲ್ಲ, ಅಷ್ಟೇ. ತಲೆಯನ್ನು ಒಂದು ಮಾತೂ ಕೇಳದೆ ಕೈ ತಾನಾಗಿ ನಿಂತುಹೋಗಿತ್ತು. ಆರು ವರ್ಷ ಓದಿದ್ದೆಲ್ಲ ನಾಲಗೆಯ ಮೇಲೆ ಉಳಿದಿತ್ತು; ಭುಜದಿಂದ ಕೆಳಗೆ ಒಂದು ಅಕ್ಷರವೂ ಇಳಿದಿರಲಿಲ್ಲ.

ಭುಜದಿಂದ ಕೆಳಗೆ ಇದ್ದದ್ದು ಬೇರೆ. ಚಿಕ್ಕಂದಿನಲ್ಲಿ ಎರಡೂ ಮನೆಗೆ ಒಂದೇ ಬಾವಿ. ಬಾವಿಕಟ್ಟೆಯ ಮೇಲೆ ಆ ಮನೆಯ ಕೊಡಪಾನದ ಕಡೆಗೆ ಅವನ ಕೈ ಹೋದಾಗಲೆಲ್ಲ ಅಮ್ಮ ಅಡರಿನ ಕಡ್ಡಿಯಿಂದ ಹೊಡೆಯುತ್ತಿದ್ದಳು. “ಕೈ ಹಿಂದೆ!” ಅಕ್ಷರ ಕಲಿಯುವ ಮೊದಲೇ ಕೈ ಅದನ್ನು ಕಲಿತಿತ್ತು. ಅಮ್ಮ ಹೊಡೆಯುವುದಕ್ಕೂ ಕಾರಣವಿತ್ತು. ಆಣೆ ಇಟ್ಟ ಮರುವರ್ಷ, ಬೇಸಗೆಯ ಒಂದು ಮಧ್ಯಾಹ್ನ, ಗದ್ದೆಯಿಂದ ಬರುತ್ತ ತಲೆ ತಿರುಗಿ ಬಿದ್ದವಳಿಗೆ ಕಾಂತಪ್ಪನ ತಾಯಿ ಬೇಲಿಯ ಮೇಲಿಂದ ಒಂದು ಗಿಂಡಿ ಮಜ್ಜಿಗೆ ಕೊಟ್ಟಳು. ಅಮ್ಮ ಕುಡಿದಳು. ಆ ಮಳೆಗಾಲ ಮುಗಿಯುವುದರೊಳಗೆ ಅಪ್ಪ ಜ್ವರದಿಂದ ಸತ್ತ. ಮಜ್ಜಿಗೆಯೇ ಗಂಡನನ್ನು ತಿಂದಿತು ಎಂದು ಮೋನಪ್ಪ ಹೇಳಿದ, ಊರು ಹೇಳಿತು, ಅಮ್ಮ ನಂಬಿದಳು. ಅಂದಿನಿಂದ ಅವಳು ಮಜ್ಜಿಗೆ ಮುಟ್ಟಿಲ್ಲ. ಯಾರ ಮದುವೆಯಲ್ಲೂ ಎದುರಿಗೆ ನಿಂತಿಲ್ಲ.

ಕಾಂತಪ್ಪನನ್ನು ಸರಕಾರಿ ಆಸ್ಪತ್ರೆಗೆ ಸೇರಿಸಿದರು. ಹೆಂಡತಿ ಶೀಲಾವತಿ ಊರಲ್ಲಿ. ಇಲ್ಲಿ ಅವನಿಗೆ ಬೇರೆ ಯಾರೂ ಇಲ್ಲ. ನಲವತ್ತು ಮಂಚಗಳ ವಾರ್ಡಿಗೆ ಒಬ್ಬಳು ನರ್ಸು, ಒಬ್ಬ ವಾರ್ಡ್‌ಬಾಯ್. ಸುಟ್ಟಮೈಗೆ ನೀರು ಬಹಳ ಬೇಕು, ಅರ್ಧ ಗಂಟೆಗೊಮ್ಮೆ ಲೋಟ ತುಂಬ ಕುಡಿಸಿ, ಮೂತ್ರ ನಿಂತರೆ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರರು ಹೇಳಿದ್ದರು. ಎರಡೂ ಕೈಗೆ ಭುಜದ ತನಕ ಬಟ್ಟೆ ಸುತ್ತಿದ್ದವನು ತಾನಾಗಿ ಕುಡಿಯುವುದು ಹೇಗೆ? ಭೇಟಿಯ ಹೊತ್ತು ನಾಲ್ಕರಿಂದ ಆರು. ಮೂರು ದಿನ ಸೀನ ಮತ್ತು ದೂಜ ಜೊತೆಯಾಗಿ ಹೋದರು. ದೂಜ ಹೂಜಿಯಿಂದ ನೀರು ಬಗ್ಗಿಸುವುದು, ಸೀನ ಕುಡಿಸುವುದು. ಅಲ್ಲಿಯೂ ಮೂರನೆಯ ಕೈ.

ಭಾನುವಾರ ಮಧ್ಯಾಹ್ನ ಅವನು ಬೋರಿಬಂದರಿನಿಂದ ಲೋಕಲ್ ಹಿಡಿದು ಭಾಂಡುಪಿಗೆ ಹೋದ. ಮೋನಪ್ಪ ಅಲ್ಲಿ ಒಂದು ಕಾರಖಾನೆಯ ಎದುರು, ತಗಡಿನ ಮಾಡಿನ ಕೆಳಗೆ, ಕ್ಯಾಂಟೀನು ನಡೆಸುತ್ತಿದ್ದ. ಮಾವ ಬೆಂಚಿನ ಮೇಲೆ ಕುಳಿತು ಬೀನ್ಸು ಮುರಿಯುತ್ತಿದ್ದ.

“ಓ, ದೊಡ್ಡ ಮನುಷ್ಯರು! ಆರು ತಿಂಗಳ ಮೇಲೆ ಮಾವನ ನೆನಪಾಯ್ತಾ? ಚಾ ಕುಡೀತೀಯಾ?”

“ಚಾ ಬೇಡ ಮಾವ. ಆಣೆ ಬಿಡಿಸಿ.”

ಮೋನಪ್ಪನ ಬೆರಳು ನಿಂತಿತು. ಕಾಂತಪ್ಪನ ಸುದ್ದಿ ಅವನಿಗೆ ಆಗಲೇ ತಲುಪಿತ್ತು. ಮುಂಬಯಿಯಲ್ಲಿ ನಮ್ಮವರ ಸುದ್ದಿ ಲೋಕಲ್‌ಗಿಂತ ಬೇಗ ಓಡುತ್ತದೆ.

“ಅದು ಇಲ್ಲಿ ಕೂತು ಬಿಡಿಸುವಂಥದ್ದಲ್ಲ. ಎರಡೂ ಮನೆಯ ಹಿರಿಯರು ದೈವದ ಸ್ಥಾನದಲ್ಲಿ ನಿಲ್ಲಬೇಕು, ಒಬ್ಬರ ಕೈಯ ನೀರು ಒಬ್ಬರು ಕುಡೀಬೇಕು. ಅವರ ಹಿರಿಯ ಸತ್ತು ಒಂಬತ್ತು ವರ್ಷ ಆಯ್ತು. ಈಗ ಯಾರ ಹತ್ತಿರ ಬಿಡಿಸುದು?”

“ಹಾಗಾದ್ರೆ ಸತ್ತವನ ಮಾತಿಗೆ ನಾವು ಸಾಯಬೇಕಾ? ಒಂದು ಎಲೆ ಅಡಿಕೆಗೆ ನೀವು ಇಟ್ಟ ಆಣೆ, ಅವನ ಎರಡು ಕೈ ತಿಂತು. ನಾನು ಬಕೆಟ್ಟು ಹಿಡಿದು ನಿಂತಿದ್ದೆ ಮಾವ. ತುಂಬಿದ ಬಕೆಟ್ಟು!”

“ದನಿ ಇಳಿಸು. ಗಿರಾಕಿಗಳಿದ್ದಾರೆ.”

“ಕೇಳಲಿ! ಎಲ್ಲರೂ ಕೇಳಲಿ. ಅಪ್ಪ ಸತ್ತ ವರ್ಷ ಊರಲ್ಲಿ ಅದೇ ಜ್ವರದಲ್ಲಿ ಹದಿನೇಳು ಜನ ಸತ್ತಿದ್ದಾರೆ. ನಾನು ಒಬ್ಬೊಬ್ಬರ ಹೆಸರು ಹಿಡಿದು ವಿಚಾರಿಸಿದ್ದೇನೆ. ಆ ಹದಿನೇಳು ಮನೆಯವರೂ ಕಾಂತಪ್ಪನ ಅಮ್ಮನ ಮಜ್ಜಿಗೆ ಕುಡಿದಿದ್ರಾ?”

ಮೋನಪ್ಪ ಬೀನ್ಸಿನ ನಾರನ್ನು ಒಂದೊಂದಾಗಿ ಎಳೆದ. ಕೊನೆಗೆ ತಲೆಯೆತ್ತದೆ ಹೇಳಿದ:

“ಅದು ನನಗೆ ಗೊತ್ತಿಲ್ಲ ಅಂತ ಮಾಡಿದ್ದೀಯಾ?”

ದೂಜನಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎನ್ನಿಸಿತು. “ಗೊತ್ತುಂಟಾ?”

“ಗೊತ್ತುಂಟು. ಆಗಲೂ ಗೊತ್ತಿತ್ತು. ಸಿಟ್ಟಲ್ಲಿ ಒಂದು ಮಾತು ಅಂದೆ, ಊರು ಹಿಡೀತು. ಈಗ ಹೋಗಿ ನಿನ್ನ ಅಮ್ಮನಿಗೆ ಹೇಳಲಿಕ್ಕಾಗ್ತದಾ? ‘ಅಕ್ಕಾ, ನೀನು ಇಪ್ಪತ್ತೆರಡು ವರ್ಷ ಸುಮ್ಮನೇ ಅತ್ತೆ, ಸುಮ್ಮನೇ ಹೆದರಿದೆ, ಅದಕ್ಕೆ ಕಾರಣವೇ ಇರಲಿಲ್ಲ’ ಅಂತ? ನೀನು ಹೇಳ್ತೀಯಾ? ಧೈರ್ಯ ಉಂಟಾ? ಆಣೆ ಇದ್ರೆ ಅವಳ ದುಃಖಕ್ಕೆ ಒಂದು ಹೆಸರಾದ್ರೂ ಉಂಟು.”

ದೂಜ ಬೆಂಚನ್ನು ಒದ್ದು ಎದ್ದ. ಬೀನ್ಸಿನ ಬುಟ್ಟಿ ನೆಲಕ್ಕೆ ಚೆಲ್ಲಿತು. “ನಿಮ್ಮ ಒಂದು ಸುಳ್ಳು ಉಳಿಸಲಿಕ್ಕೆ ಅವಳು ಜೀವಮಾನ ಕೊಡ್ಬೇಕಾ?” ಎಂದು ಕೂಗಿದ. ಮೋನಪ್ಪ ಬಗ್ಗಿ ಬೀನ್ಸು ಹೆಕ್ಕತೊಡಗಿದ. ಆ ಬಗ್ಗಿದ ಬೆನ್ನನ್ನು ನೋಡಿ ಸಿಟ್ಟು ಇನ್ನೂ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ.

ನಂಬುವವನು ನಂಬಲಿ, ಅವನೊಡನೆ ಜಗಳವಾದರೂ ಆಡಬಹುದು. ಇವರು ನಂಬುವುದೂ ಇಲ್ಲ! ನಂಬಿಕೆ ಸತ್ತು ಎಷ್ಟೋ ಕಾಲವಾಗಿದೆ. ಹೆಣ ಎತ್ತಿ ಹೊರಗೆ ಹಾಕಲು ನಾಚಿಕೆಯೆಂದು ಮನೆಯೊಳಗೇ ಇಟ್ಟುಕೊಂಡಿದ್ದಾರೆ. ಲೋಕಲ್ ಕುರ್ಲಾ ದಾಟಿತು, ದಾದರ್ ದಾಟಿತು. ಬಾಗಿಲಿನ ಸರಳು ಹಿಡಿದು ನಿಂತ ದೂಜನಿಗೆ ಒಂದೂ ಕಾಣಿಸಲಿಲ್ಲ. ಇವತ್ತು ಮುಗಿಸಿಬಿಡುತ್ತೇನೆ ಎಂದು ಹಲ್ಲು ಕಚ್ಚಿ ನೇರವಾಗಿ ಆಸ್ಪತ್ರೆಗೆ ಹೋದ.

ಅಂದು ಸೀನ ಬಂದಿರಲಿಲ್ಲ. ಕಾಂತಪ್ಪನ ಬದಲಿಗೆ ಯಜಮಾನರು ಅವನನ್ನೇ ಕಾವಲಿಯ ಮುಂದೆ ನಿಲ್ಲಿಸಿದ್ದರು.

“ತುಮ್ ಉಸಕಾ ಆದ್ಮಿ ಹೈ ನಾ?” ಎಂದು ನರ್ಸು ದೂಜನ ಮೇಲೆ ಹರಿಹಾಯ್ದಳು. “ಸುಬೇಹ್ ಸೇ ದೋ ಗಿಲಾಸ್ ಪಾನಿ ಪಿಯಾ ಹೈ. ಬುಖಾರ್ ಚಢ ಗಯಾ. ಪಿಲಾವ್ ಉಸಕೊ!” ಬೆಳಗಿನಿಂದ ಬರೀ ಎರಡು ಲೋಟ, ಜ್ವರ ಏರಿದೆ, ನಿನ್ನ ಕಡೆಯವನಿಗೆ ನೀನು ಕುಡಿಸು ಎಂದು. ವಾರ್ಡ್‌ಬಾಯ್ ಬಂದಾಗ ಕುಡಿದದ್ದು ಅಷ್ಟೇ.

ಕಾಂತಪ್ಪನ ತುಟಿ ಒಡೆದು ಬಿಳಿಚಿತ್ತು. ಕಣ್ಣು ಕೆಂಪಾಗಿತ್ತು. ಎರಡೂ ಕೈಗಳು ಯಾರೋ ಬೇರೆಯವರ ಸಾಮಾನಿನಂತೆ ಮೈಯ ಅಕ್ಕಪಕ್ಕದಲ್ಲಿ ಬಿದ್ದಿದ್ದವು. ಅವನು ದೂಜನ ಹಿಂದೆ, ಬಾಗಿಲಿನ ಕಡೆ ನೋಡಿದ.

“ಮಂಚವೇ,” ಎಂದ, ದನಿ ಒಣಗಿತ್ತು, “ಸೀನಣ್ಣ ಎಲ್ಲಿ ಅಂತ ಕೇಳು.”

“ಮಂಚಕ್ಕೆ ಕಿವಿಯಿಲ್ಲ. ನನ್ನ ಹತ್ತಿರ ಕೇಳು.”

ಕಾಂತಪ್ಪ ಮುಖ ತಿರುಗಿಸಿದ. ದೂಜ ಹೂಜಿಯಿಂದ ಲೋಟ ತುಂಬಿಸಿದ. ನೀರು ಬೀಳುವ ಸದ್ದಿಗೆ ಕಾಂತಪ್ಪನ ಗಂಟಲು ತಾನಾಗಿ ಮೇಲೆ ಕೆಳಗೆ ಆಡಿದ್ದು ಕಾಣಿಸಿತು.

“ಮಂಚವೇ, ಆ ಪಕ್ಕದ ಅಜ್ಜನ ಕೈಯಲ್ಲಿ ಕೊಡಲಿಕ್ಕೆ ಹೇಳು.”

ಪಕ್ಕದ ಮಂಚದಲ್ಲಿ ಕಾಲು ಮುರಿದು ಭಾರ ಕಟ್ಟಿಸಿಕೊಂಡಿದ್ದ ಒಬ್ಬ ಮರಾಠಿ ಮುದುಕ. ಅವನಿಗೆ ಭಾಷೆ ತಿಳಿಯದಿದ್ದರೂ ಲೋಟ ತಿಳಿಯಿತು. ಕೈ ಚಾಚಿ, “ದೇ ಬಾಳಾ, ಮೀ ಪಾಜತೋ,” ನಾನು ಕುಡಿಸುತ್ತೇನೆ, ಎಂದ.

“ಇಲ್ಲ,” ಎಂದ ದೂಜ. “ಇವತ್ತು ಯಾರ ಕೈಯೂ ಇಲ್ಲ. ನನ್ನ ಕೈಯಿಂದಲೇ ಕುಡೀಬೇಕು. ಕೇಳು ಕಾಂತಪ್ಪ, ನಾನು ಭಾಂಡುಪಿಗೆ ಹೋಗಿದ್ದೆ. ಆಣೆ ಇಟ್ಟ ಮನುಷ್ಯನಿಗೇ ಅದರಲ್ಲಿ ನಂಬಿಕೆ ಇಲ್ಲ. ಅವನೇ ಬಾಯಿಬಿಟ್ಟು ಹೇಳಿದ. ಎಲ್ಲಾ ಸುಳ್ಳು. ನಾವು ಇಬ್ಬರೇ ಹುಚ್ಚರು.”

ಕಾಂತಪ್ಪ ಕಣ್ಣು ಮುಚ್ಚಿದ. “ಮಂಚವೇ, ಅವನಿಗೆ ಹೇಳು. ಊರಲ್ಲಿ ಶೀಲಾವತಿಗೆ ಏಳು ತಿಂಗಳು. ಮೊದಲಿನ ಎರಡು ನಿಲ್ಲಲಿಲ್ಲ. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಪುಸ್ತಕ ಉಂಟು. ನನಗೆ ಪುಸ್ತಕ ಇಲ್ಲ.”

ದೂಜನ ಪಿತ್ತ ನೆತ್ತಿಗೇರಿತು. ಮಾವನ ಮೇಲಿನ ಸಿಟ್ಟು, ಊರಿನ ಮೇಲಿನ ಸಿಟ್ಟು, ತನ್ನ ಕೈಯ ಮೇಲಿನ ಸಿಟ್ಟು ಎಲ್ಲವೂ ಆ ಒಡೆದ ತುಟಿಯ ಮೇಲೆ ತಿರುಗಿತು. “ಬಾಯಿ ತೆಗಿ!” ಎಂದು ಕೂಗಿ, ಎಡಗೈಯಿಂದ ಕಾಂತಪ್ಪನ ದವಡೆ ಹಿಡಿದು, ಲೋಟವನ್ನು ಬಾಯಿಗೆ ಒತ್ತಿದ. ಕಾಂತಪ್ಪ ಹಲ್ಲು ಕಚ್ಚಿದ. ನೀರು ಗಲ್ಲದಿಂದ ಇಳಿದು ಕುತ್ತಿಗೆಯ ಬಟ್ಟೆಗೆ ಸುರಿಯಿತು. ಕೈಯಿಲ್ಲದ ಮನುಷ್ಯ ತಡೆಯುವುದಾದರೂ ಹೇಗೆ? ತಲೆಯನ್ನು ದಿಂಬಿಗೆ ಒತ್ತಿ ಹಿಂದಕ್ಕೆ ಸರಿದ. ಇನ್ನು ಸರಿಯಲು ಜಾಗವಿಲ್ಲದಷ್ಟು ಸರಿದ.

“ಅರೇ, ಮಾರತೋಸ್ ಕಾಯ್ ತ್ಯಾಲಾ?” ಎಂದು ಮುದುಕ ಕಿರುಚಿದ. ಕೊಲ್ಲುತ್ತೀಯಾ ಅವನನ್ನು?

ದೂಜನ ಕೈ ಸಡಿಲವಾಯಿತು. ಅವನು ಕಂಡ. ನೀರು ತನ್ನ ಕೈಯಲ್ಲಿದೆ, ಎದುರಿಗೆ ಮೈಯೆಲ್ಲ ಬೆಂಕಿಯಾದ ಮನುಷ್ಯ, ಅದು ಅವನಿಗೆ ಸಿಗದಂತೆ ತಡೆದು ನಿಂತವನು ತಾನು. ಬುಧವಾರ ಆಣೆಯ ಹೆಸರಿನಲ್ಲಿ, ಭಾನುವಾರ ಬುದ್ಧಿಯ ಹೆಸರಿನಲ್ಲಿ. ಬಾಯಾರಿದವನಿಗೆ ಎರಡರಲ್ಲಿ ಏನು ವ್ಯತ್ಯಾಸ? ದೈವದ ಎದುರು ಮಣ್ಣು ಮುಟ್ಟಿ ಕೂಗಿದ ಮಾವನ ದನಿಯೇ ಈಗ ತನ್ನ ಗಂಟಲಿನಿಂದ ಹೊರಟಿತ್ತು: ನಾನು ಹೇಳಿದ ಹಾಗೆ ಆಗಬೇಕು. ಅವನಿಗೆ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕೆನ್ನಿಸಿತು.

ಅವನು ಲೋಟವನ್ನು ಮತ್ತೆ ತುಂಬಿಸಿ, ಒಂದು ಮಾತೂ ಆಡದೆ ಮುದುಕನ ಕೈಗೆ ಕೊಟ್ಟ.

ಮುದುಕ ಪಕ್ಕಕ್ಕೆ ವಾಲಿ, ಗೊಣಗುತ್ತ, ಬಹಳ ನಿಧಾನವಾಗಿ ಕುಡಿಸಿದ. ಕಾಂತಪ್ಪ ಕರು ಕುಡಿದಂತೆ ಕುಡಿದ. ಆತುರಕ್ಕೆ ಉಸಿರು ಸಿಕ್ಕಿ ಅರ್ಧಕ್ಕೆ ನಿಲ್ಲಿಸಿ ಏದುಸಿರು ಬಿಟ್ಟ. ಲೋಟದಲ್ಲಿ ನಾಲ್ಕು ಗುಟುಕು ಉಳಿದಿತ್ತು.

ದೂಜ ಮುದುಕನ ಕೈಯಿಂದ ಲೋಟವನ್ನು ಹಿಂದಕ್ಕೆ ತೆಗೆದುಕೊಂಡ. ಅಂಚಿನಲ್ಲಿ ಕಾಂತಪ್ಪನ ತುಟಿಯ ರಕ್ತದ ಒಂದು ಎಳೆ ಇತ್ತು. ಕೈ ಹಿಂದೆ, ಎಂದು ಕೈ ಹೇಳಿತು. ಈ ಸಲ ಅದು ಹೇಳಿದ್ದು ಅವನಿಗೆ ಕೇಳಿಸಿತು. ಭುಜದಿಂದ ಬೆರಳಿನ ತನಕ ಒಂದು ತಣ್ಣನೆಯ ಹೆದರಿಕೆ ಇಳಿದು ಹೋಗುವುದನ್ನು ಅವನು ಪೂರಾ ನೋಡಿದ. ನಂಬಿಕೆಯಿಲ್ಲ ಎಂದು ಇಷ್ಟು ವರ್ಷ ಜಂಬ ಕೊಚ್ಚಿದವನಿಗೆ ತಾನು ಎಷ್ಟು ಹೆದರಿದ್ದೆನೆಂದು ಅಂದು ಗೊತ್ತಾಯಿತು. ಹೆದರಿಕೆ ಹೋಗಲಿಲ್ಲ. ಅದು ಇದ್ದ ಹಾಗೆಯೇ ಲೋಟವನ್ನು ಎತ್ತಿ, ಅಂಚಿಗೆ ಬಾಯಿಟ್ಟು, ಉಳಿದದ್ದನ್ನು ಕುಡಿದ.

“ಇದು ನಿನ್ನ ಎಂಜಲು,” ಎಂದ. “ಮುರಿದದ್ದು ನಾನು. ನಿನ್ನ ಮೇಲೆ ಏನೂ ಇಲ್ಲ. ಬರುವುದಾದರೆ ನನ್ನ ಮೇಲೆ ಬರಲಿ.”

ಕಾಂತಪ್ಪ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ.

“ಥೂ, ಹುಚ್ಚು ನಾಯಿ!” ಎಂದ. “ಊರಲ್ಲಿ ನಿನ್ನ ಅಮ್ಮ ಒಬ್ಬಳೇ ಇದ್ದಾಳಲ್ಲವಾ! ನಿನಗೇನಾದ್ರೂ ಆದ್ರೆ ಅವಳಿಗೆ ಯಾರು ಗತಿ? ಅಷ್ಟೂ ಬುದ್ಧಿ ಇಲ್ವಾ ನಿನಗೆ?”

ಹೇಳಿದ ಮೇಲೆ ಅವನ ಬಾಯಿ ತೆರೆದೇ ಉಳಿಯಿತು. ಮಂಚಕ್ಕೆ ಹೇಳಿರಲಿಲ್ಲ, ಕಂಬಕ್ಕೆ ಹೇಳಿರಲಿಲ್ಲ. ಉಸಿರು ಹಿಡಿದು ಮಲಗಿದ. ಮೇಲಿನಿಂದ ಏನೋ ಬೀಳುತ್ತದೆಂಬಂತೆ ಮಾಡನ್ನು ನೋಡಿದ. ವಾರ್ಡಿನ ಆ ತುದಿಯಲ್ಲಿ ಯಾರೋ ಕೆಮ್ಮಿದರು. ಹೊರಗೆ ಟ್ರಾಮಿನ ಗಂಟೆ ಬಾರಿಸಿತು. ನರ್ಸು ಯಾರನ್ನೋ ಬೈಯುತ್ತಿದ್ದಳು. ಮತ್ತೇನೂ ಆಗಲಿಲ್ಲ.

ಆಗ ಕಾಂತಪ್ಪನ ಮುಖದಲ್ಲಿ ಹೆದರಿಕೆ ಇದ್ದ ಜಾಗಕ್ಕೆ ಬೇರೆಯೇ ಒಂದು ಬಂತು.

“ತುಂಬಿದ ಬಕೆಟ್ಟು!” ಎಂದು ಕೂಗಿದ. ಆ ಮೈಯಲ್ಲಿ ಅಷ್ಟು ದನಿ ಎಲ್ಲಿತ್ತೋ. “ತುಂಬಿದ ಬಕೆಟ್ಟು ಹಿಡಿದು ನಿಂತಿದ್ದೆಯಲ್ಲ ಕಳ್ಳ ಸೂಳೆಮಗನೇ! ಮೇಲೆ ಹೊಯ್ಯಲಿಕ್ಕೆ ಎಂತ ಆಗಿತ್ತು?”

“ನೀನು ಹಿಂದೆ ಸರಿದೆ.”

“ಸರಿದ್ರೆ? ನಾನು ಉರಿಯುತ್ತಿದ್ದೆ! ಉರಿಯುವವನನ್ನು ಕೇಳಿ ನೀರು ಹಾಕುದಾ? ಓಡಿಸಿಕೊಂಡು ಬಂದು ಹೊಯ್ಯಬೇಕಿತ್ತು! ನೋಡು, ನೋಡು ಇಲ್ಲಿ. ಇನ್ನು ಈ ಕೈಯಲ್ಲಿ ಸೌಟು ಹಿಡೀಲಿಕ್ಕೆ ಆಗ್ತದಾ? ಬರುವ ಮಗುವನ್ನು ಎತ್ತಲಿಕ್ಕೆ ಆಗ್ತದಾ?”

“ಹೌದು,” ಎಂದ ದೂಜ. “ಹೊಯ್ಯಬೇಕಿತ್ತು. ತಪ್ಪು ನನ್ನದು.”

“ತಪ್ಪಂತೆ! ಸುಲಭದಲ್ಲಿ ಹೇಳ್ತಾನೆ. ಮಗುವಿಗೆ ಏನಾದ್ರೂ ಆಗಲಿ, ಈ ಕೈಯಲ್ಲೇ ಬಂದು ನಿನ್ನನ್ನು ಕೊಲ್ತೇನೆ.”

“ಏನೂ ಆಗುದಿಲ್ಲ ಅಂತ ಹೇಳಲಿಕ್ಕೆ ನನ್ನಿಂದ ಆಗುದಿಲ್ಲ. ಮಕ್ಕಳಿಗೆ ಏನೇನೋ ಆಗ್ತದೆ. ಆದ್ರೆ ಈ ನೀರಿನಿಂದ ಆಗುದಿಲ್ಲ.”

“ನಿನಗೆ ಹೇಗೆ ಗೊತ್ತು, ನೀನೇನು ಡಾಕ್ಟರಾ?” ಎನ್ನುತ್ತಲೇ ಕಾಂತಪ್ಪನಿಗೆ ಕೆಮ್ಮು ಹತ್ತಿತು. ನರ್ಸು ಓಡಿ ಬಂದು, “ಕ್ಯಾ ತಮಾಶಾ ಹೈ?” ಎಂದು ಇಬ್ಬರನ್ನೂ ಗದರಿದಳು. ಮುದುಕ ಅವಳಿಗೆ ಏನೋ ಹೇಳಿ ಸುಮ್ಮನಾಗಿಸಿ, ಹೂಜಿಯ ಕಡೆಗೆ ಕೈ ಚಾಚಿದ.

ಕಾಂತಪ್ಪ ಮುದುಕನ ಕಡೆ ನೋಡಲಿಲ್ಲ. ಕೆಮ್ಮಿ ಕೆಮ್ಮಿ ನೀರಾಡಿದ ಕಣ್ಣುಗಳನ್ನು ದೂಜನ ಮೇಲೆ ನೆಟ್ಟ.

“ಎಂತ ಗೊಂಬೆಯ ಹಾಗೆ ನಿಂತಿದ್ದೀ?” ಎಂದ. “ಗಂಟಲು ಒಣಗಿದೆ. ನೀರು ಕೊಡು. ನನ್ನದು ಇನ್ನೂ ಮುಗೀಲಿಲ್ಲ.”

ದೂಜ ಲೋಟ ತುಂಬಿಸಿದ. ಒಂದು ಕೈಯಿಂದ ಕಾಂತಪ್ಪನ ತಲೆಯನ್ನು ಎತ್ತಿ ಹಿಡಿದು, ಇನ್ನೊಂದರಿಂದ ಲೋಟವನ್ನು ತುಟಿಗೆ ಇಟ್ಟ. ಕಾಂತಪ್ಪ ಕೊನೆಯ ಹನಿಯ ತನಕ ಕುಡಿದ, ತಲೆಯನ್ನು ದಿಂಬಿಗೆ ಒರಗಿಸಿದ, ದಮ್ಮು ಎಳೆದುಕೊಂಡ, ಮತ್ತೆ ಮೊದಲಿನಿಂದ ಬೈಯಲು ಶುರುಮಾಡಿದ. ದೂಜ ಸ್ಟೂಲು ಎಳೆದು ಹತ್ತಿರ ಕುಳಿತ.